ಮೋಟಾರು ಸೈಕಲ್ಲಿನ ಮೈಗೆ ಗೀರು ಬೀಳದಂತೆ ನೋಡಿಕೊಳ್ಳುವ ಬಗೆ

ನಮ್ಮ ವಾಚನಾಲಯದ ಮೆಟ್ಟಿಲ ಕೆಳಗೆ ಸಂಜೆ ಏಳರ ಹೊತ್ತಿಗೆ ಬಂದು ನಿಲ್ಲುವ ಬೈಕುಗಳನ್ನು ನೋಡಿದರೆ, ಅವುಗಳ ಒಡೆಯರು ಯಾವ ಕೆಲಸದವರೆಂದು ಹೇಳಿಬಿಡಬಹುದು. ಸೀಟಿನ ಹಿಂಭಾಗದ ಬಣ್ಣ ಎರಡು ಮಗ್ಗುಲಲ್ಲೂ ಸವೆದಿದ್ದರೆ ಅದು ಮನೆಮನೆಗೆ ಊಟ, ಸಾಮಾನು ಮುಟ್ಟಿಸುವ ಹುಡುಗನದು. ಚೀಲ ಉಜ್ಜಿದ ಗುರುತು. ಟ್ಯಾಂಕಿನ ಮೇಲೆ, ಸವಾರನ ಸೊಂಟಕ್ಕೆ ಎದುರಾಗಿ, ಸಣ್ಣ ಗೀರುಗಳ ಗುಂಪಿದ್ದರೆ ಅದು ಬೆಲ್ಟು ಕಟ್ಟಿ ಕಚೇರಿಗೆ ಹೋಗುವ ಗುಮಾಸ್ತರದು. ಬಿಸಿಲಿನಲ್ಲಿ ನೋಡಿದಾಗ ಇಡೀ ಟ್ಯಾಂಕಿನಲ್ಲಿ ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಗೀರು ಕಂಡರೆ, ಅದು ತನ್ನ ಗಾಡಿಯನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವನದು. ಈ ಕೊನೆಯ ಮಾತು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದೇಕೆ ಹಾಗೆಂದು ತಿಳಿಸುವುದೇ ಈ ಪಾಠದ ಉದ್ದೇಶ.

ಮೊದಲು ನಡೆದ ಸಂಗತಿಯೊಂದನ್ನು ಹೇಳುತ್ತೇವೆ. ನಮ್ಮಲ್ಲಿಗೆ ಪತ್ರಿಕೆ ಓದಲು ಬರುವ ಗೆಳೆಯರೊಬ್ಬರು ಕೊಪ್ಪಳದ ಕಡೆಯವರು. ಇಲ್ಲಿ ಮುಂಬಯಿಯಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರು. ಮೂರು ವರ್ಷ ತಿಂಗಳು ತಪ್ಪದೆ ಕಂತು ಕಟ್ಟಿ ಒಂದು ಬೈಕನ್ನು ತಮ್ಮದಾಗಿ ಮಾಡಿಕೊಂಡರು. ಸಾಲ ತೀರಿದ ಮೇಲೆ ಅದನ್ನು ಊರಿನಲ್ಲಿ ಕಾಲೇಜಿಗೆ ಹೋಗುವ ತಮ್ಮನಿಗೆಂದು ರೈಲಿನಲ್ಲಿ ಕಳಿಸಿದರು. ಸ್ಟೇಷನ್ನಿನ ಹೊರಗೆ ಕಟ್ಟುವವರು ಗಾಡಿಗೆ ಗೋಣಿ ಸುತ್ತಿ, ಹುರಿಯಿಂದ ಬಿಗಿದು, ಹೆಸರು ಬರೆದು ಕೊಟ್ಟರು. ಗಾಡಿ ಇಳಿಸಿಕೊಂಡ ದಿನ ತಮ್ಮನಿಂದ ಫೋನು ಬಂತು: “ಅಣ್ಣಾ, ಗಾಡಿ ಬಂದೈತಿ. ಆದ್ರ ಟಾಂಕಿ ನೋಡಿದ್ರ ನೀ ಸಿಟ್ಟಾಗ್ತಿ.” ಟ್ಯಾಂಕಿನ ಎಡಮಗ್ಗುಲಲ್ಲಿ ಅಂಗೈಯಗಲ ಬಣ್ಣ ಹೋಗಿ, ನಡುವೆ ತಗಡು ಕಾಣುತ್ತಿತ್ತು. ಗೆಳೆಯರು ರೈಲಿನವರನ್ನು ಬೈದರು, ಕಟ್ಟಿದವರನ್ನು ಬೈದರು. ನಾವೂ ಜೊತೆಗೂಡಿ ಬೈದೆವು. ಬೈದು ಮುಗಿದ ಮೇಲೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಕಳಿಸುವ ಮುನ್ನ ಗಾಡಿಯನ್ನು ತೊಳೆದೇ ಇರಲಿಲ್ಲ. ಹದಿನೈದು ದಿನದ ಧೂಳು ಮೈಮೇಲಿದ್ದ ಹಾಗೆಯೇ ಗೋಣಿ ಸುತ್ತಿಸಿದ್ದರು. ರೈಲು ಅಲುಗಾಡಿದಷ್ಟು ಹೊತ್ತೂ ಆ ಗೋಣಿ ಧೂಳನ್ನು ಟ್ಯಾಂಕಿಗೆ ತಿಕ್ಕುತ್ತಲೇ ಇತ್ತು.

ಬಣ್ಣವೆಂದು ನಾವು ಕರೆಯುವುದು ಒಂದೇ ಪದರವಲ್ಲ. ಉಕ್ಕಿನ ಟ್ಯಾಂಕಾದರೆ, ಮೊದಲು ತಗಡಿಗೆ ತುಕ್ಕು ತಡೆಯುವ ರಾಸಾಯನಿಕ ಲೇಪ. ಅದರ ಮೇಲೆ ಪ್ರೈಮರ್ ಎಂಬ ಅಡಿಬಣ್ಣ. ಅದರ ಮೇಲೆ ಕಣ್ಣಿಗೆ ಕಾಣುವ ನಿಜವಾದ ಬಣ್ಣ. ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಮೆರುಗು. ಪೇಂಟಿನವರು ಇದನ್ನು ಕ್ಲಿಯರ್ ಎಂದೋ ಲ್ಯಾಕರ್ ಎಂದೋ ಕರೆಯುತ್ತಾರೆ. ಇವೆಲ್ಲ ಸೇರಿ ದಪ್ಪ ಸುಮಾರು 100 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಕಚೇರಿಯಲ್ಲಿ ಜೆರಾಕ್ಸಿಗೆ ಹಾಕುವ ಹಾಳೆಯೊಂದನ್ನು ಬೆರಳುಗಳ ನಡುವೆ ಹಿಡಿದು ನೋಡಿ; ಅದರ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಮೇಲಿನ ಮೆರುಗು ಅದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಬಿಸಿಲು, ಮಳೆ, ಕಡಲ ಉಪ್ಪುಗಾಳಿ ಇವುಗಳನ್ನೆಲ್ಲ ತಡೆದು ನಿಲ್ಲುವುದು ಈ ಅರ್ಧ ಹಾಳೆ. ಅದು ಹರಿದುಹೋದರೆ ಮತ್ತೆ ಬೆಳೆಯುವುದಿಲ್ಲ.

ಇನ್ನು ಧೂಳಿನ ಮಾತು. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಖ್ ಮೋಸ್ ಎಂಬಾತ 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಒಂದು ಅಳತೆ ಏರ್ಪಡಿಸಿದ. ಯಾವುದು ಯಾವುದನ್ನು ಗೀರಬಲ್ಲದೋ ಅದು ಮೇಲು. ಇಷ್ಟೇ ಅದರ ಲೆಕ್ಕ. ಆ ಅಳತೆಯಲ್ಲಿ ನಮ್ಮ ಉಗುರು ಸುಮಾರು ಎರಡೂವರೆ, ಚಾಕುವಿನ ಅಲಗು ಸುಮಾರು ಐದೂವರೆ, ವಜ್ರ ಹತ್ತು. ಮರಳಿನಲ್ಲಿ ಹೆಚ್ಚಾಗಿರುವ ಬೆಣಚುಕಲ್ಲು ಏಳು. ರಸ್ತೆಯ ಧೂಳಿನಲ್ಲಿ, ಕಟ್ಟಡ ಕಟ್ಟುವ ಕಡೆಯಿಂದ ಹಾರಿಬರುವ ಪುಡಿಯಲ್ಲಿ, ಈ ಬೆಣಚಿನ ಕಣಗಳು ಇದ್ದೇ ಇರುತ್ತವೆ. ಚಾಕುವಿನ ಉಕ್ಕನ್ನೇ ಗೀರಬಲ್ಲ ಪದಾರ್ಥವು ಅರ್ಧ ಹಾಳೆಯಷ್ಟು ತೆಳುವಾದ ಮೆರುಗನ್ನು ಬಿಟ್ಟೀತೆ?

ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ನಮ್ಮಲ್ಲಿ ಎಷ್ಟೋ ಜನ ಸೀಟಿನ ಕೆಳಗಿನಿಂದ ಒಂದು ಅರಿವೆ ತೆಗೆದು, ಟ್ಯಾಂಕಿನ ಮೇಲೆ ಗಿರಗಿರನೆ ತಿರುಗಿಸಿ ಒರಸುತ್ತಾರೆ. ಅರಿವೆ ಒಣಗಿದ್ದು, ಧೂಳೂ ಒಣಗಿದ್ದು. ಒರಸುವವನ ಮನಸ್ಸಿನಲ್ಲಿ ಗಾಡಿಯ ಮೇಲೆ ಅಕ್ಕರೆಯಿದೆ. ಕೈಯಲ್ಲಿರುವುದು ಮಾತ್ರ ನಯವಾದ ಎಮರಿ ಕಾಗದ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ. ಒಂದು ವರ್ಷಕ್ಕೆ ಮುನ್ನೂರು ಸಲವಾಯಿತಲ್ಲ, ಆಗ ಜೇಡರ ಬಲೆ ಕಾಣಿಸಿಕೊಳ್ಳುತ್ತದೆ. ಹೊಸ ಗಾಡಿಯ ಹೊಳಪು ಹೋಯಿತೆಂದು ಇನ್ನೂ ಜೋರಾಗಿ ಒರಸುತ್ತಾರೆ! ವಾರಗಟ್ಟಲೆ ಮುಟ್ಟದೆ ಬಿಟ್ಟ ಸೋಮಾರಿಯ ಗಾಡಿಯೇ ಎಷ್ಟೋ ವಾಸಿ. ಆದುದರಿಂದ ನಾವು ಮೊದಲು ಹೇಳುವುದಿಷ್ಟೇ: ನೀರಿಲ್ಲದಿದ್ದರೆ ಧೂಳನ್ನು ಮುಟ್ಟಬೇಡಿ. ಸೀಟನ್ನು, ಕನ್ನಡಿಯನ್ನು ಒರಸಿಕೊಂಡು ಹೊರಡಿ. ಧೂಳು ತಾನಾಗಿ ಕೂತಿದ್ದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ, ತಿಕ್ಕಿದರೆ ಬೀಳುತ್ತದೆ.

ತೊಳೆಯುವುದಕ್ಕೆ ನೀರೆಲ್ಲಿ ಎಂದು ಕೇಳುವಿರಿ. ಚಾಳಿನಲ್ಲಿ ನಲ್ಲಿ ಬರುವುದು ಇಷ್ಟು ಹೊತ್ತೆಂದು ಗೊತ್ತು. ಸೊಸೈಟಿಗಳಲ್ಲಿ ಗಾಡಿ ತೊಳೆಯಲು ಬಿಡುವುದಿಲ್ಲ. ಆದರೂ ವಾರಕ್ಕೊಮ್ಮೆ, ಇಲ್ಲವೆ ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್ಟು ನೀರು ಹೊಂದಿಸಿಕೊಂಡರೆ ಸಾಕು. ನೆರಳಿನಲ್ಲಿ, ಎಂಜಿನು ಆರಿದ ಮೇಲೆ ತೊಳೆಯತಕ್ಕದ್ದು. ಕಾದ ತಗಡಿನ ಮೇಲೆ ಸೋಪಿನ ನೀರು ಅಲ್ಲಿಯೇ ಒಣಗಿ ಕಲೆ ಕಟ್ಟುತ್ತದೆ. ಮೊದಲು ಚೊಂಬಿನಿಂದ ಮೇಲಿನಿಂದ ನೀರು ಹಾಕಿ, ಅರಿವೆ ಮುಟ್ಟಿಸದೆ, ಸಡಿಲವಾದ ಧೂಳನ್ನೆಲ್ಲ ಇಳಿಸಿಬಿಡಬೇಕು. ಅರ್ಧ ಕೆಲಸ ಇಲ್ಲಿಗೇ ಆಯಿತು. ಆಮೇಲೆ ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೆತ್ತನೆಯ ಅರಿವೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಟ್ಯಾಂಕಿನಿಂದ ಆರಂಭಿಸಿ ಕೆಳಗೆ ಬನ್ನಿ. ಸುತ್ತಿ ಸುತ್ತಿ ಉಜ್ಜದೆ, ನೇರವಾಗಿ, ಭಾರ ಹಾಕದೆ ಎಳೆಯಿರಿ. ಎರಡು ಮೂರು ಸಲ ಎಳೆದ ಮೇಲೆ ಅರಿವೆಯನ್ನು ಬರಿಯ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿ, ಮತ್ತೆ ಸೋಪಿಗೆ ಅದ್ದಿರಿ. ಒಂದೇ ಬಕೆಟ್ಟಾದರೆ ಗಾಡಿಯಿಂದ ತೆಗೆದ ಮರಳನ್ನು ಪುನಃ ಗಾಡಿಗೇ ಹಚ್ಚಿದಂತೆ. ಚಕ್ರ, ಚೈನು, ಮಡ್‌ಗಾರ್ಡಿನ ಒಳಮೈ ಕೊನೆಗೆ; ಅವಕ್ಕೆ ಬೇರೆಯೇ ಅರಿವೆ. ಅರಿವೆ ನೆಲಕ್ಕೆ ಬಿದ್ದರೆ ಅದನ್ನು ಆ ಹೊತ್ತಿಗೆ ಸಂಪಾದಿಸಿದ್ದು ಸಾಕೆಂದು ಚಕ್ರದ ಪಾಲಿಗೆ ಬಿಡಿ.

ಅರಿವೆ ಯಾವುದೆಂದರೆ, ಅಂಗಡಿಯಲ್ಲಿ ಮೈಕ್ರೋಫೈಬರ್ ಎಂದು ಸಿಗುವುದು ಉತ್ತಮ. ಅದಿಲ್ಲದವರಿಗೆ ಹಳೆಯ ಹತ್ತಿ ಬನಿಯನು ಸಾಕು. ಹೊಲಿಗೆಯ ಅಂಚು ಕತ್ತರಿಸಿರಬೇಕು. ಹಳೆ ಪ್ಯಾಂಟಿನ ತುಂಡು ಕೂಡದು, ಗುಂಡಿ ಇರುವ ಅಂಗಿಯಂತೂ ಕೂಡದೇ ಕೂಡದು. ಬಟ್ಟೆ ಒಗೆಯುವ ಪುಡಿ ಕ್ಷಾರವುಳ್ಳದ್ದು. ಹಚ್ಚಿದ ಮೇಣವನ್ನು ತೆಗೆದುಬಿಡುತ್ತದೆ, ಮೇಲಾಗಿ ಸರಿಯಾಗಿ ಕರಗದ ಹರಳುಗಳು ತಾವೇ ಗೀರುತ್ತವೆ. ಗಾಡಿಗೆಂದೇ ಮಾರುವ ಶಾಂಪೂ ಒಂದು ಸೀಸೆ ತಂದರೆ ಬಹುದಿನ ಬರುತ್ತದೆ. ತೀರ ಇಲ್ಲದಾಗ ತಲೆಗೆ ಹಾಕುವ ಶಾಂಪೂ ನಾಲ್ಕು ಹನಿ ಆದೀತು. ಸೀಮೆಎಣ್ಣೆಯಿಂದಲೋ ಕೊಬ್ಬರಿ ಎಣ್ಣೆಯಿಂದಲೋ ಒರಸಿ ಹೊಳಪು ಬರಿಸುವವರು ಈಗಲೂ ಇದ್ದಾರೆ. ಆ ಹೊಳಪು ಎಣ್ಣೆಯದು, ಬಣ್ಣದ್ದಲ್ಲ. ಸಂಜೆಯೊಳಗೆ ಧೂಳೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ.

ದುಡ್ಡು ಕೊಟ್ಟು ವಾಟರ್ ಸರ್ವಿಸ್ ಮಾಡಿಸುವವರಿಗೆ ಒಂದು ಮಾತು. ಅಲ್ಲಿಯ ಹುಡುಗ ಕೆಟ್ಟವನಲ್ಲ, ಅವನಿಗೆ ದಿನಕ್ಕೆ ಇಷ್ಟು ಗಾಡಿ ಎಂಬ ಲೆಕ್ಕವಿದೆ. ಒಂದೇ ಚಿಂದಿಯಲ್ಲಿ ಹತ್ತು ಗಾಡಿಗಳ ಚಕ್ರ ಒರಸಿ, ಅದೇ ಚಿಂದಿಯನ್ನು ನಿಮ್ಮ ಟ್ಯಾಂಕಿಗೆ ತರುತ್ತಾನೆ. ನಿಮ್ಮ ಅರಿವೆಯನ್ನು ನೀವೇ ಕೊಂಡುಹೋಗಿ, “ತಮ್ಮಾ, ನೀರು ಹೊಡೆದು ಬಿಡು, ಒರಸುವುದು ನಮಗಿರಲಿ” ಎಂದರೆ ಅವನಿಗೂ ಸಂತೋಷ.

ಧೂಳಿನ ತರುವಾಯ ಉಜ್ಜಾಟ. ಗಾಡಿಯ ಮೈಯಲ್ಲಿ ಉಜ್ಜುವ ಜಾಗಗಳು ಗೊತ್ತಾದವೇ ಹೊರತು ಎಲ್ಲೆಂದರಲ್ಲಿ ಇರುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಜಾವಾ ಗಾಡಿಗಳನ್ನು ನೋಡಿದವರಿಗೆ ನೆನಪಿರಬಹುದು: ಟ್ಯಾಂಕಿನ ಎರಡು ಮಗ್ಗುಲಲ್ಲೂ ಮೊಣಕಾಲು ತಾಗುವ ಕಡೆ ದಪ್ಪ ರಬ್ಬರಿನ ಪಟ್ಟಿ ಕೂರಿಸಿರುತ್ತಿದ್ದರು. ಕಾಲಿಗೆ ಹಿಡಿತ, ಬಣ್ಣಕ್ಕೆ ರಕ್ಷಣೆ, ಎರಡೂ ಅದರಿಂದ ಆಗುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗಿನ ಹೆಚ್ಚಿನ ಗಾಡಿಗಳಲ್ಲಿ ಆ ರಬ್ಬರೂ ಇಲ್ಲ. ಮೊಣಕಾಲು ನೇರವಾಗಿ ಬಣ್ಣಕ್ಕೇ ತಾಗುತ್ತದೆ. ನಿಮ್ಮ ಗಾಡಿಯನ್ನು ಒಮ್ಮೆ ಬಿಸಿಲಿನಲ್ಲಿ ನಿಲ್ಲಿಸಿ, ಮೊಣಕಾಲು, ಬಕಲು, ಬೂಟಿನ ಹಿಮ್ಮಡಿ, ಹಿಂದೆ ಕೂತವರ ಕಾಲು, ಚೀಲದ ಪಟ್ಟಿ, ಹ್ಯಾಂಡಲು ತಿರುಗಿಸಿದಾಗ ಕೇಬಲ್ಲು ತಾಗುವ ಜಾಗ, ಇವನ್ನು ಗುರುತು ಮಾಡಿಕೊಳ್ಳಿ. ಕೀಲಿಯ ಗೊಂಚಲಿನಲ್ಲಿ ಮನೆಯ ಕೀಲಿ, ಡ್ರಾಯರಿನ ಕೀಲಿ, ಊರ ಜಾತ್ರೆಯಲ್ಲಿ ಕೊಂಡ ಹಿತ್ತಾಳೆಯ ಬಿಲ್ಲೆ ಎಲ್ಲ ನೇತಾಡುತ್ತಿದ್ದರೆ, ಗಾಡಿ ಓಡುವಷ್ಟು ಹೊತ್ತೂ ಅವು ಸುತ್ತಲ ಬಣ್ಣವನ್ನು ಕೆರೆಯುತ್ತಿರುತ್ತವೆ. ಗಾಡಿಯ ಕೀಲಿ ಒಂಟಿಯಾಗಿರಲಿ.

ಈ ಗುರುತಿನ ಜಾಗಗಳಿಗೆ ಮಾತ್ರ ಪಾರದರ್ಶಕ ಹಾಳೆ ಅಂಟಿಸಿದರೆ ಸಾಕು. ಇಡೀ ಗಾಡಿಗೆ ಹೊದಿಸಿ ಒಂದು ತಿಂಗಳ ಸಂಬಳ ಸುರಿಯುವ ಅಗತ್ಯವಿಲ್ಲ. ಹಾಳೆಯಲ್ಲಿ ಎರಡು ಜಾತಿ. ಪಿವಿಸಿಯದು ಅಗ್ಗ, ಆದರೆ ಬಿಸಿಲಿಗೆ ಹಳದಿಯಾಗಿ ಬಿರುಸಾಗುತ್ತದೆ. ಟಿಪಿಯು ಎಂಬುದು ಒಂದು ಬಗೆಯ ಪಾಲಿಯುರೆಥೇನ್. ರಬ್ಬರಿನಂತೆ ಹಿಗ್ಗುತ್ತದೆ, 150ರಿಂದ 200 ಮೈಕ್ರಾನು ದಪ್ಪ ಇರುತ್ತದೆ. ಎಂದರೆ ನಿಮ್ಮ ಬಣ್ಣದ ಎಲ್ಲ ಪದರಗಳಿಗಿಂತ ಅದೇ ದಪ್ಪ. ಸಣ್ಣ ತುಂಡು ಕೊಂಡು, ಮೂಲೆಗಳನ್ನು ದುಂಡಗೆ ಕತ್ತರಿಸಿ (ಚೂಪು ಮೂಲೆ ಬೇಗ ಏಳುತ್ತದೆ), ತೊಳೆದು ಚೊಕ್ಕಟ ಮಾಡಿದ ಜಾಗಕ್ಕೆ ಸೋಪಿನ ನೀರು ಚಿಮುಕಿಸಿ, ಹಾಳೆಯನ್ನು ಜಾರಿಸಿ ಕೂರಿಸಿ, ಒಳಗಿನ ನೀರನ್ನು ನಡುವಿನಿಂದ ಅಂಚಿಗೆ ಒತ್ತಿ ತೆಗೆಯಬೇಕು. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗೆ ಒಂದು ತಿಂಗಳಾದರೂ ಕಾಯಿರಿ. ಇಲ್ಲವಾದರೆ ಹಾಳೆ ಕೀಳುವಾಗ ಬಣ್ಣವೂ ಜೊತೆಗೆ ಬಂದೀತು.

ಸೆರಾಮಿಕ್ ಲೇಪ ಎಂಬ ಹೊಸ ಮಾತು ಈಗ ಎಲ್ಲ ಬೀದಿಗಳಲ್ಲಿಯೂ ಕೇಳಿಬರುತ್ತಿದೆ. “9ಎಚ್ ಗಡಸು, ಕಲ್ಲಿನಂತೆ” ಎಂದು ಅಂಗಡಿಯವರು ಹೇಳುವುದನ್ನು ಕೇಳಿ, ಮೋಸ್‌ನ ಅಳತೆಯ ಒಂಬತ್ತೆಂದು ನಂಬಿದವರುಂಟು. ಅದು ಪೆನ್ಸಿಲಿನ ಅಳತೆ! ಎಚ್‌ಬಿ, 2ಎಚ್ ಎಂದು ಪೆನ್ಸಿಲಿನ ಮೇಲೆ ಬರೆದಿರುವುದನ್ನು ನಮ್ಮ ಗುಮಾಸ್ತ ಬಂಧುಗಳೆಲ್ಲ ಬಲ್ಲರು. ಲೇಪದ ಮೇಲೆ 9ಎಚ್ ಪೆನ್ಸಿಲಿನಿಂದ ಎಳೆದರೂ ಗೀರು ಬೀಳಲಿಲ್ಲ ಎಂದಷ್ಟೇ ಅದರ ಅರ್ಥ. ಈ ಲೇಪ ನೀರನ್ನು ಜಾರಿಸುತ್ತದೆ, ಕೊಳೆ ಬೇಗ ಹಿಡಿಯಗೊಡುವುದಿಲ್ಲ, ತೊಳೆಯುವುದು ಸುಲಭವಾಗುತ್ತದೆ, ಇವೆಲ್ಲ ನಿಜ. ಆದರೆ ಅದರ ದಪ್ಪ ಬಹಳವೆಂದರೆ ಕೆಲವು ಮೈಕ್ರಾನು. ಕೀಲಿಯ ಗೀರನ್ನಾಗಲಿ ಮರಳಿನ ಉಜ್ಜಾಟವನ್ನಾಗಲಿ ಅದು ತಡೆಯಲಾರದು. ಕಡಿಮೆ ಖರ್ಚಿನಲ್ಲಿ ಬೇಕೆಂದರೆ ಕಾರ್ನೂಬಾ ಮೇಣ ಒಳ್ಳೆಯದು. ಅದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಎರಡು ಮೂರು ತಿಂಗಳಿಗೊಮ್ಮೆ, ಮುಖ್ಯವಾಗಿ ಮಳೆಗಾಲಕ್ಕೆ ಮುಂಚೆ, ತೊಳೆದು ಒಣಗಿಸಿದ ಮೈಗೆ ತೆಳುವಾಗಿ ಹಚ್ಚಿ ಒರಸಿದರೆ ಉಪ್ಪುಗಾಳಿಯ ಊರುಗಳಾದ ಮುಂಬಯಿ, ಚೆನ್ನೈಗಳಲ್ಲಿ ಬಹಳ ಉಪಕಾರ. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಮಾತ್ರ ಈ ಮೇಣವಾಗಲಿ ಪಾಲಿಶ್ ಆಗಲಿ ಹಚ್ಚಕೂಡದು. ತೇಪೆ ತೇಪೆಯಾಗಿ ಹೊಳೆಯುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಹೊದಿಕೆ ಬಟ್ಟೆಯ ವಿಷಯದಲ್ಲಿಯೂ ಧೂಳಿನ ನಿಯಮವೇ. ಧೂಳಿನ ಗಾಡಿಗೆ ಪ್ಲಾಸ್ಟಿಕ್ ಕವರು ಹಾಕಿ ಗಾಳಿಗೆ ಬಿಟ್ಟರೆ ರಾತ್ರಿಯೆಲ್ಲ ಅದು ಪಟಪಟನೆ ಬಡಿದು ಉಜ್ಜುತ್ತದೆ. ಒದ್ದೆ ಗಾಡಿಗೆ ಹಾಕಿದರೆ ಒಳಗೆ ತೇವ ನಿಂತು ತುಕ್ಕಿಗೆ ದಾರಿ. ಹಕ್ಕಿಯ ಹಿಕ್ಕೆ ಬಿದ್ದರೆ ಬಿಸಿಲು ಏರುವ ಮುನ್ನ ತೆಗೆಯಿರಿ, ಅದು ಮೆರುಗನ್ನು ತಿನ್ನುತ್ತದೆ. ಕೆರೆಯದೆ, ಒದ್ದೆ ಅರಿವೆಯನ್ನು ಐದು ನಿಮಿಷ ಮೇಲೆ ಹಾಕಿಟ್ಟು ಮೆತ್ತಗಾದ ಮೇಲೆ ಎತ್ತಿರಿ. ಬ್ರೇಕ್ ಎಣ್ಣೆ ಚೆಲ್ಲಿದರಂತೂ ತಡಮಾಡದೆ ಧಾರಾಳವಾಗಿ ನೀರು ಸುರಿಯಿರಿ. ಸಾಮಾನ್ಯವಾಗಿ ಬಳಸುವ ಬ್ರೇಕ್ ಎಣ್ಣೆ ಬಣ್ಣವನ್ನು ಮೆತ್ತಗೆ ಮಾಡಿ ಎಬ್ಬಿಸಿಬಿಡುತ್ತದೆ.

ಬಿದ್ದ ಗೀರಿಗೆ ಏನು ಮಾಡುವುದು? ಗೀರಿನ ಮೇಲೆ ಒಂದು ಹನಿ ನೀರು ಹಚ್ಚಿ ನೋಡಿ. ನೀರಿನಡಿ ಗೀರು ಮಾಯವಾದರೆ ಅದು ಮೆರುಗಿನಲ್ಲಿ ಮಾತ್ರ ಇದೆ. ನಯವಾದ ಪಾಲಿಶ್‌ನಿಂದ ಹೋಗುತ್ತದೆ. ಉಗುರು ಎಳೆದಾಗ ಗೀರಿನಲ್ಲಿ ಸಿಕ್ಕಿಕೊಂಡರೆ ಆಳವಾಗಿದೆ. ಪಾಲಿಶ್ ಎಷ್ಟು ಹಾಕಿದರೂ ವ್ಯರ್ಥ. ರಬ್ಬಿಂಗ್ ಕಾಂಪೌಂಡ್ ಎಂಬುದು ಗೀರನ್ನು ತುಂಬುವುದಿಲ್ಲ, ಸುತ್ತಲ ಮೆರುಗನ್ನು ಗೀರಿನ ಮಟ್ಟಕ್ಕೆ ಸವೆಸುತ್ತದೆ. ಆ ಅರ್ಧ ಹಾಳೆಯಲ್ಲಿ ಎಷ್ಟು ಸಲ ಸವೆಸುವಿರಿ? ಹಲ್ಲುಪುಡಿ, ಟೂತ್‌ಪೇಸ್ಟುಗಳ ಔಷಧವೂ ಇದೇ ಜಾತಿಯದು.

ಪ್ಲಾಸ್ಟಿಕ್ ಹೊದಿಕೆಯಲ್ಲಿ ಆಳವಾದ ಗೀರು ಬಿದ್ದರೆ ನೋಟ ಕೆಟ್ಟೀತು, ಅಷ್ಟೇ. ಉಕ್ಕಿನ ಟ್ಯಾಂಕಿನಲ್ಲಿ ತಗಡು ಕಂಡರೆ ತಡಮಾಡಕೂಡದು. ತುಕ್ಕು ಗೀರಿನಲ್ಲೇ ನಿಲ್ಲದೆ ಬಣ್ಣದ ಅಡಿಯಲ್ಲಿ ಹರಿದು ಗುಳ್ಳೆ ಎಬ್ಬಿಸುತ್ತದೆ. ನಯವಾದ ಎಮರಿ ಕಾಗದದಿಂದ ತುಕ್ಕನ್ನು ಪೂರ್ತಿ ತೆಗೆದು, ಸ್ಪಿರಿಟ್ಟಿನಿಂದ ಒರಸಿ, ಒಣಗಿದ ಮೇಲೆ ಪ್ರೈಮರ್, ಬಣ್ಣ, ಮೆರುಗು ಎಂದು ಮೂರನ್ನೂ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದಾಗಿ ಹಚ್ಚಬೇಕು. ಅವಸರಕ್ಕೆ ಏನೂ ಸಿಗದಿದ್ದರೆ ಸದ್ಯಕ್ಕೆ ಮೇಣವನ್ನಾದರೂ ಮೆತ್ತಿಡಿ. ಇಡೀ ಗಾಡಿಗೆ ಬೇರೆ ಬಣ್ಣ ಹೊಡೆಸುವ ಯೋಚನೆ ಬಂದರೆ, ನೋಂದಣಿ ಪತ್ರದಲ್ಲಿ ಬಣ್ಣವನ್ನೂ ಬರೆದಿರುತ್ತಾರೆಂಬುದನ್ನು ನೆನಪಿಟ್ಟು, ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಇನ್ನು ರೈಲಿನಲ್ಲಿ ಕಳಿಸುವವರಿಗೆ. ಟ್ಯಾಂಕಿನಲ್ಲಿ ಪೆಟ್ರೋಲು ಇರಕೂಡದೆಂಬ ನಿಯಮ ನಿಮಗೆ ಗೊತ್ತೇ ಇದೆ. ಅದನ್ನು ತೆಗೆಯುವಾಗ ಮೈಮೇಲೆ ಸುರಿದರೆ ಕೂಡಲೆ ನೀರು ಹಾಕಿ. ಹಿಂದಿನ ದಿನವೇ ಗಾಡಿಯನ್ನು ತೊಳೆದು ಪೂರ್ತಿ ಒಣಗಿಸಿ. ಕನ್ನಡಿಗಳನ್ನು ಬಿಚ್ಚಿ ಬೇರೆಯಾಗಿ ಕಟ್ಟಿ. ಗೋಣಿ ನೇರವಾಗಿ ಬಣ್ಣಕ್ಕೆ ತಾಗಬಾರದು: ಮೊದಲು ಹಳೆಯ ಹತ್ತಿಯ ಸೀರೆ ಇಲ್ಲವೆ ಪಂಚೆ ಎರಡು ಸುತ್ತು, ಅದರ ಮೇಲೆ ರಟ್ಟು, ಆಮೇಲೆ ಗೋಣಿ. ಸೈಕಲ್ಲಿನ ಹಳೆ ಟ್ಯೂಬನ್ನು ಬಣ್ಣದ ಮೇಲೆ ನೇರವಾಗಿ ಸುತ್ತಬೇಡಿ. ಕರಿ ರಬ್ಬರು ತಿಳಿಬಣ್ಣಕ್ಕೆ ಕಲೆ ಹಿಡಿಸುತ್ತದೆ. ಹುರಿಯನ್ನು ಟ್ಯಾಂಕಿನ ಮೇಲೆ ಹಾಯಿಸದೆ ಚೌಕಟ್ಟಿಗೆ, ಕಾಲಿಡುವ ಕಂಬಿಗೆ ಬಿಗಿಯುವಂತೆ ಕಟ್ಟುವವರಿಗೆ ಎದುರು ನಿಂತೇ ಹೇಳಿ. ಅವರಿಗೆ ಅವಸರವಿರುತ್ತದೆ, ಆದರೆ ಸೀರೆ ರಟ್ಟು ನೀವೇ ತಂದರೆ ಬೇಡವೆನ್ನುವುದಿಲ್ಲ. ಹೆಸರು, ಹೋಗುವ ಸ್ಟೇಷನ್ನು ಬರೆದ ಚೀಟಿಯನ್ನು ಟ್ಯಾಂಕಿಗೆ ತಂತಿಯಿಂದ ಕಟ್ಟದೆ ಹ್ಯಾಂಡಲಿಗೆ ಕಟ್ಟಿಸಿ. ಬೇರೆ ರಾಜ್ಯದಲ್ಲಿ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿಯ ಹೊಸ ನಂಬರು ಪಡೆಯಬೇಕಾಗುತ್ತದೆ. ಅದರ ಕಾಗದಪತ್ರಗಳ ವಿಚಾರ ಇನ್ನೊಂದು ಪಾಠಕ್ಕಾಗುವಷ್ಟಿದೆ.

ಊರಿನಲ್ಲಿ ಗಾಡಿ ಬಿಡಿಸಿಕೊಳ್ಳುವ ತಮ್ಮನಿಗೋ ಅಳಿಯನಿಗೋ ಮೊದಲೇ ಫೋನು ಮಾಡಿ ಹೇಳಿಡಿ. ಗೋಣಿಯನ್ನು ಎಳೆದು ಕೀಳದೆ ಕತ್ತರಿಸಿ ತೆಗೆಯಲಿ. ಗೋಣಿಯ ನಾರು, ಹುಲ್ಲು, ದಾರಿಯ ಕರಿಪುಡಿ ಮೈಮೇಲಿರುತ್ತದೆ. ಸಂತೋಷದಲ್ಲಿ ಅಂಗಿಯ ತೋಳಿನಿಂದ ಒರಸಿಬಿಡುವುದು ಅಲ್ಲಿಯೇ. ಕೊಪ್ಪಳದ ಆ ತಮ್ಮ ಹಾಗೆಯೇ ಒರಸಿದ್ದನಂತೆ, ಪಾಪ. ಅವನ ಟ್ಯಾಂಕಿಗೆ ಈಗ ತೇಪೆ ಬಣ್ಣ ಬಿದ್ದಿದೆ. ತುಕ್ಕು ಹಿಡಿದಿಲ್ಲ, ಬಣ್ಣ ಮಾತ್ರ ಒಂದು ಛಾಯೆ ಕಪ್ಪು. ಈ ಸಲ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಗೆಳೆಯರು ಎರಡು ಮೈಕ್ರೋಫೈಬರ್ ಅರಿವೆಯನ್ನೂ ಒಂದು ಶಾಂಪೂ ಸೀಸೆಯನ್ನೂ ಕೊಂಡುಹೋಗಿ ಕೊಟ್ಟು ಬಂದರು.